ಆಂಬೊಡೆ ತಪ್ಪೇನು ಮಾಡಿತ್ತು?

ಮದುವೆಮನೆಯ ಪಂಕ್ತಿಯಲ್ಲಿ ಕೂತಿದ್ದೆ. ಎಲೆಗೆ ಆಂಬೊಡೆ ಬೀಳೋ ಹೊತ್ತಿಗೆ ಎದುರು ಸಾಲಿನಿಂದ ದೊಡ್ಡಮ್ಮನ ದನಿ: "ಅವಳಿಗೆ ಕರಿದದ್ದು ಬೇಡಪ್ಪಾ, ಮುಖ ನೋಡು ಹೇಗಾಗಿದೆ!" ಬಡಿಸುವ ಹುಡುಗ ನನ್ನ ಮುಖ ನೋಡಿದ. ಇಡೀ ಪಂಕ್ತಿಯೂ ನೋಡಿತು. ಆಗ ನನಗೆ 22 ವರ್ಷ.

ಅವತ್ತು ಶುರುವಾಯ್ತು ನನ್ನ ಪಥ್ಯ. ಕಡಲೆಕಾಯಿ ಉಷ್ಣ, ಬಿಟ್ಟೆ. ಮಾವಿನಹಣ್ಣು ಉಷ್ಣ, ಬಿಟ್ಟೆ. ಮೊಟ್ಟೆ, ಎಣ್ಣೆ, ತುಪ್ಪ ಎಲ್ಲ ಬಿಟ್ಟೆ. ಬಸವನಗುಡಿ ಪರಿಷೆಗೆ ಹೋಗಿ ಕಡಲೆಕಾಯಿ ಮುಟ್ಟದೆ, ಬರೀ ಬೆಂಡು ಬತ್ತಾಸು ತಿಂದು ಬಂದವಳು ನಾನೊಬ್ಬಳೇ ಇರಬೇಕು. ಆಫೀಸಿನಲ್ಲಿ ದಿನಕ್ಕೆ ನಾಲ್ಕು ಲೋಟ ಸಕ್ಕರೆ ಟೀ, ಸಂಜೆ ಬಿಸ್ಕತ್ತು, ಮನೆಯಲ್ಲಿ ಕೆನೆ ತೆಗೆದ ಹಾಲು. ಇವನ್ನು ಯಾರೂ ಬೇಡ ಅನ್ನಲಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ.

ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳಿದವರು ವೈದ್ಯರು, ಅದೂ ದಶಕಗಟ್ಟಲೆ. 1969ರಲ್ಲಿ ಅಮೆರಿಕದಲ್ಲಿ 65 ಜನರಿಗೆ ಚಾಕೊಲೇಟ್ ಬಾರ್ ಮತ್ತು ಚಾಕೊಲೇಟ್ ಇಲ್ಲದ ಇನ್ನೊಂದು ಬಾರ್ ತಿನ್ನಿಸಿ ನೋಡಿದರು. ವ್ಯತ್ಯಾಸ ಕಾಣಲಿಲ್ಲ. ಆದರೆ ಆ ಇನ್ನೊಂದು ಬಾರಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಸಕ್ಕರೆ, ಅಷ್ಟೇ ಕೊಬ್ಬು! ವ್ಯತ್ಯಾಸ ಎಲ್ಲಿಂದ ಬರಬೇಕು?

2007ರಲ್ಲಿ ಆಸ್ಟ್ರೇಲಿಯಾದವರು 43 ಹುಡುಗರನ್ನು ಎರಡು ಗುಂಪು ಮಾಡಿ 12 ವಾರ ಗಮನಿಸಿದರು. ರಕ್ತದ ಸಕ್ಕರೆಯನ್ನು ಸರ್ರನೆ ಏರಿಸದ ಊಟ ಮಾಡಿದವರಿಗೆ ಮೊಡವೆ ಹೆಚ್ಚು ಕಡಿಮೆಯಾಯಿತು. ಅವರ ತೂಕವೂ ಇಳಿದಿತ್ತು, ಹಾಗಾಗಿ ಪೂರ್ತಿ ಶ್ರೇಯ ಊಟಕ್ಕೇ ಕೊಡೋ ಹಾಗಿಲ್ಲ. ಆದರೂ ಲೆಕ್ಕ ಅರ್ಥವಾಗುತ್ತದೆ. ಸಕ್ಕರೆ, ಮೈದಾ ಜಾಸ್ತಿಯಾದರೆ ಇನ್ಸುಲಿನ್ ಏರುತ್ತದೆ. ಅದರ ಜೊತೆಗೆ ಐಜಿಎಫ್-1 ಅನ್ನೋ ಹಾರ್ಮೋನಿನ ಆಟವೂ ಹೆಚ್ಚುತ್ತದೆ. ಚರ್ಮದ ಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ. ರಂಧ್ರ ಕಟ್ಟಿಕೊಳ್ಳುತ್ತದೆ. ಹಾಲಿನ ಮೇಲೂ, ಅದರಲ್ಲೂ ಕೆನೆ ತೆಗೆದ ಹಾಲಿನ ಮೇಲೆ, ಜಿಮ್ಮಿನ ವ್ಹೇ ಪ್ರೋಟೀನ್ ಪುಡಿಯ ಮೇಲೆ ಅನುಮಾನವಿದೆ. ಅದಿನ್ನೂ ಅನುಮಾನವೇ, ತೀರ್ಪಲ್ಲ.

ಅಂದರೆ ನಮ್ಮ ದೊಡ್ಡಮ್ಮಂದಿರು ಪೂರ್ತಿ ಸುಳ್ಳು ಹೇಳಲಿಲ್ಲ, ತಪ್ಪು ಎಲೆಗೆ ಕೈ ಹಾಕಿದರು ಅಷ್ಟೇ. ನನ್ನ ಜಗಳ ಅದಕ್ಕಲ್ಲ. ಊಟ ಅನ್ನೋದು ಮೊಡವೆಯ ಒಂದು ಎಳೆ ಮಾತ್ರ. ಹಾರ್ಮೋನು, ವಂಶವಾಹಿ, ಪಿಸಿಓಎಸ್ ಎಲ್ಲ ಪಕ್ಕಕ್ಕಿಟ್ಟು "ನಿನ್ನ ಬಾಯಿಚಪಲಕ್ಕೆ ಆಗಿದ್ದು" ಅಂದ ತಕ್ಷಣ, ಕಾಯಿಲೆ ಹೋಗಿ ಅಪರಾಧ ಆಗಿಬಿಡುತ್ತದೆ. ಅಪರಾಧಿಗೆ ಔಷಧಿ ಯಾರು ಕೊಡ್ತಾರೆ? ಶಿಕ್ಷೆ ಕೊಡ್ತಾರೆ. ನಾನೇ ಮೂರು ವರ್ಷ ಕೊಟ್ಟುಕೊಂಡೆ.

ಈಗ ದೊಡ್ಡಮ್ಮನ ಜಾಗಕ್ಕೆ ಇನ್‌ಸ್ಟಾಗ್ರಾಮ್ ಬಂದಿದೆ. 30 ದಿನ ಹಾಲು ಬಿಡಿ, ಗೋಧಿ ಬಿಡಿ, ನಮ್ಮ ಪ್ಲಾನ್ ಕೊಳ್ಳಿ. ದೊಡ್ಡಮ್ಮ ದುಡ್ಡಾದರೂ ಕೇಳಿರಲಿಲ್ಲ.

ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ "ಏನು ತಿಂತೀರಿ?" ಅಲ್ಲ, "ಇಷ್ಟು ದಿನ ಯಾಕೆ ಬರಲಿಲ್ಲ?" ರಾತ್ರಿ ಹಚ್ಚೋಕೆ ಒಂದು ಜೆಲ್ ಕೊಟ್ಟರು, ಗುಣ ಕಾಣೋಕೆ ಮೂರು ತಿಂಗಳು ಹಿಡಿಯುತ್ತೆ ಅಂದರು. ಹಿಡೀತು. ಹೊಸ ಮೊಡವೆ ನಿಂತವು. ಕೆನ್ನೆಯ ಗುಳಿಗಳು ಮಾತ್ರ ನಿಂತೇ ಇವೆ. ಅವು ಕಡಲೆಕಾಯಿ ತಿಂದು ಬಂದವಲ್ಲ, ಕಾದು ಕೂತು ಬಂದವು.

ಸಕ್ಕರೆ ಟೀ ಕಡಿಮೆ ಮಾಡಿ, ಬೇಡ ಅನ್ನಲ್ಲ. ನಾನೂ ಮಾಡಿದ್ದೇನೆ. ಆದರೆ ಮೊದಲು ಡಾಕ್ಟರ ಹತ್ತಿರ ಹೋಗಿ, ಆಮೇಲೆ ಡಯಟ್ಟು.

ಹೋದ ತಿಂಗಳು ಇನ್ನೊಂದು ಮದುವೆ. ಚಿಕ್ಕಪ್ಪನ ಮಗಳಿಗೆ 16, ಕೆನ್ನೆ ತುಂಬಾ ಮೊಡವೆ. ಪಕ್ಕದಲ್ಲಿ ಕೂತ ಯಾರೋ ಬಾಯಿ ತೆರೆಯೋ ಮೊದಲೇ ನಾನು ಬಡಿಸುವವರಿಗೆ ಕೂಗಿ ಹೇಳಿದೆ: "ಇವಳಿಗೆ ಆಂಬೊಡೆ ಎರಡು ಹಾಕಿ." ಆಮೇಲೆ ಅವಳ ಕಿವಿಯಲ್ಲಿ: "ಶನಿವಾರ ಡಾಕ್ಟರ ಹತ್ತಿರ ಹೋಗೋಣ, ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ."