ಮುಚ್ಚಳದ ಪ್ರಯೋಗ ಮತ್ತು ನನ್ನ ಅವಸರದ ತೀರ್ಪು

ನನ್ನ ವಿಜ್ಞಾನದ ತರಗತಿಯಲ್ಲಿ ಕುಳಿತವರಿಗೆ ಪೆನ್ನಿನ ಮುಚ್ಚಳದ ಪ್ರಯೋಗ ನೆನಪಿರಬಹುದು. ಒಂದು ಕಣ್ಣನ್ನು ಮುಚ್ಚಿಕೊಂಡು, ಗೆಳೆಯನು ಹಿಡಿದ ಪೆನ್ನಿಗೆ ಪಕ್ಕದಿಂದ ಕೈ ತಂದು ಮುಚ್ಚಳ ತೊಡಿಸಬೇಕು. ಕೈ ತಪ್ಪುತ್ತಿತ್ತು, ತರಗತಿ ನಗುತ್ತಿತ್ತು. ನಮ್ಮ ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರವಿರುವುದರಿಂದ ಎರಡರಲ್ಲಿ ಮೂಡುವ ಬಿಂಬಗಳು ತುಸು ಭಿನ್ನ; ಆ ಭಿನ್ನತೆಯಿಂದಲೇ ಮಿದುಳು ಆಳವನ್ನು ಗ್ರಹಿಸಬಲ್ಲದೆಂದು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ತೋರಿಸಿದನು. ಇಷ್ಟು ಸರಿ. ಆದರೆ ನಾನು ಅಲ್ಲಿಗೇ ನಿಲ್ಲದೆ, "ಆದ್ದರಿಂದ ಒಂದೇ ಕಣ್ಣುಳ್ಳವರಿಗೆ ದೂರ ತಿಳಿಯದು" ಎಂದು ಸೇರಿಸುತ್ತಿದ್ದೆ. ಅದು ತಪ್ಪು.

ಎಳವೆಯಲ್ಲೇ ಒಂದು ಕಣ್ಣು ಕಳೆದುಕೊಂಡಿದ್ದ ಹುಡುಗನೊಬ್ಬನು ಒಂದು ವರ್ಷ ಮುಂದಿನ ಬೆಂಚಿನಲ್ಲೇ ಕುಳಿತು ಆ ಮಾತನ್ನು ಕೇಳಿದನು. ಮರುವಾರ ಖೊ-ಖೊ ತಂಡದ ಪಟ್ಟಿಯಿಂದ ಅವನ ಹೆಸರನ್ನು ಹೊಡೆದುಹಾಕಿದವನೂ ನಾನೇ. ಅವನು ವಾದಿಸಲಿಲ್ಲ. ಒಮ್ಮೆ ಓಡಿಸಿಯಾದರೂ ನೋಡಬಹುದಿತ್ತು.

ಹೋದ ವರ್ಷ ಪೊರೆ ತೆಗೆಸಿಕೊಂಡಾಗ ನನ್ನ ಬಲಗಣ್ಣಿಗೆ ಒಂದು ದಿನ ಕಟ್ಟು ಹಾಕಿದ್ದರು. ಸಂಜೆ ಕಾಫಿಯನ್ನು ಲೋಟದ ಆಚೆ ಸುರಿದು ಮನೆಯಾಕೆಯಿಂದ ಬೈಸಿಕೊಂಡೆ. ಆದರೆ ಜಗಲಿಯಿಂದ ನೋಡಿದರೆ ಬೀದಿಯೇನೂ ಚಪ್ಪಟೆಯಾಗಿರಲಿಲ್ಲ! ಹತ್ತಿರದ ಗೇಟು ಹಿಂದಿನ ಸೈಕಲನ್ನು ಮರೆಮಾಡಿತ್ತು. ದೂರದ ತೆಂಗಿನ ಮರ ಚಿಕ್ಕದಾಗಿತ್ತು. ತಲೆ ಸರಿಸಿದರೆ ಹತ್ತಿರದ ಕಂಬ ಬಹಳ ಜರುಗುತ್ತಿತ್ತು, ಮರ ಅಷ್ಟಾಗಿ ಜರುಗುತ್ತಿರಲಿಲ್ಲ. ಇವೆಲ್ಲ ಒಂದೇ ಕಣ್ಣಿಗೆ ದೊರೆಯುವ ಸುಳಿವುಗಳು.

ಮನ್ಸೂರ್ ಅಲಿ ಖಾನ್ ಪಟೌಡಿಯವರ ಹೆಸರನ್ನು ರೇಡಿಯೋದಲ್ಲಿ ಕೇಳುತ್ತ ಬೆಳೆದವನು ನಾನು. 1961ರಲ್ಲಿ ಇಂಗ್ಲೆಂಡಿನ ಕಾರು ಅಪಘಾತದಲ್ಲಿ ಅವರ ಬಲಗಣ್ಣು ಹಾನಿಗೊಂಡಿತು. ಅದೇ ಡಿಸೆಂಬರಿನಲ್ಲಿ ಅವರು ಮೊದಲ ಟೆಸ್ಟ್ ಆಡಿದರು. 1962ರಲ್ಲಿ, 21ನೆಯ ವಯಸ್ಸಿಗೆ, ನಾಯಕರಾದರು. 1964ರಲ್ಲಿ ದಿಲ್ಲಿಯಲ್ಲಿ ಇಂಗ್ಲೆಂಡಿನ ಎದುರು ಔಟಾಗದೆ 203 ಹೊಡೆದರು. ಇದೆಲ್ಲ ತಿಳಿದಿದ್ದೂ ನಾನು ಆ ಹೆಸರನ್ನು ಹೊಡೆದುಹಾಕಿದೆ.

ಎರಡು ಕಣ್ಣುಗಳ ಲಾಭವನ್ನು ಅಲ್ಲಗಳೆಯುತ್ತಿಲ್ಲ. ಸೂಜಿಗೆ ದಾರ ಪೋಣಿಸುವಂಥ ಹತ್ತಿರದ ಕೆಲಸದಲ್ಲಿ ಅದು ದೊಡ್ಡದು. ನೋಟದ ಹರವೂ ಒಂದು ಕಣ್ಣಿಗೆ ಸುಮಾರು 150 ಡಿಗ್ರಿ, ಎರಡಕ್ಕೆ 180. ಕಾಣದ ಬದಿಯ ಬಗ್ಗೆ ಎಚ್ಚರ ಬೇಕು, ಉಳಿದ ಕಣ್ಣಿಗೆ ರಕ್ಷಣೆಯ ಕನ್ನಡಕವೂ ಬೇಕು. ಆದರೆ ಕಣ್ಣು ಮುಚ್ಚಿದ ಮೊದಲ ನಿಮಿಷದ ತಡವರಿಕೆಯನ್ನು ನೋಡಿ, ವರ್ಷಗಟ್ಟಲೆ ಹಾಗೆಯೇ ಬದುಕಿ ಪಳಗಿದವನ ಶಕ್ತಿಯನ್ನು ಅಳೆಯಲಾಗದು.

ನನ್ನ ಶಿಷ್ಯರಲ್ಲಿ ಈಗ ಹಲವರು ಉಪಾಧ್ಯಾಯರು. ಮುಚ್ಚಳದ ಪ್ರಯೋಗ ಮಾಡಿಸುವಾಗ ಒಂದೇ ಸಲಕ್ಕೆ ನಿಲ್ಲಿಸಬೇಡಿರಿ. ತಲೆಯನ್ನು ಅತ್ತಿತ್ತ ಸರಿಸಲು ಬಿಟ್ಟು, ಅದೇ ಮಗುವಿನಿಂದ ಹತ್ತು ಸಲ ಮಾಡಿಸಿ, ಎಷ್ಟನೆಯ ಸಲ ಮುಚ್ಚಳ ಕೂತಿತೆಂಬುದನ್ನು ಹಲಗೆಯ ಮೇಲೆ ಬರೆಯಿರಿ.