ಚಾರ್ಜ್ ಎಂಬ ಹೊರೆ

ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಒಂದೇ ಇಂಗ್ಲಿಷ್ ಪದ ಐದಾರು ವೇಷಗಳಲ್ಲಿ ಕಿವಿಗೆ ಬೀಳುತ್ತದೆ. ‘ಹೆಬ್ಬಾಳಕ್ಕೆ ಚಾರ್ಜ್ ಎಷ್ಟು?’ ಎಂದು ಒಬ್ಬರು ಕೇಳುತ್ತಾರೆ. ‘ಫೋನಿನಲ್ಲಿ ಚಾರ್ಜ್ ಇಲ್ಲ, ಆಮೇಲೆ ಮಾತಾಡುತ್ತೇನೆ’ ಎನ್ನುವವರು ಇನ್ನೊಬ್ಬರು. ಬೌರಿಂಗ್ ಆಸ್ಪತ್ರೆಯಿಂದ ಅಜ್ಜಿ ಡಿಸ್‌ಚಾರ್ಜ್ ಆದ ಸುದ್ದಿ ಒಂದು ಕಡೆ. ಬೆಂಚಿನ ಮೇಲೆ ಬಿಡಿಸಿಟ್ಟ ಪತ್ರಿಕೆಯಲ್ಲಿ ಎಲ್ಲೋ ಆದ ಲಾಠಿ ಚಾರ್ಜ್, ಯಾರ ಮೇಲೋ ಹಾಕಿದ ಚಾರ್ಜ್‌ಶೀಟ್. ಅಷ್ಟರಲ್ಲಿ ಬಸ್ಸು ಬರುತ್ತದೆ, ಕಂಡಕ್ಟರ್ ಚಾರ್ಜ್ ಕೇಳುತ್ತಾನೆ. ಭೌತವಿಜ್ಞಾನದ ಪಾಠವೇ ಬಸ್ ಹತ್ತಿ ಬಂದಂತೆ! 2023ರ ಜೂನ್ 11ರಂದು ಜಾರಿಗೆ ಬಂದ, ಹೆಣ್ಣುಮಕ್ಕಳಿಗೆ ಚಾರ್ಜ್ ಇಲ್ಲದ ಪ್ರಯಾಣದ ಯೋಜನೆಗೆ ‘ಶಕ್ತಿ’ ಎಂದೇ ಹೆಸರಿಟ್ಟದ್ದು ಕಾಕತಾಳೀಯವಿರಬೇಕು.

ಹಣ, ವಿದ್ಯುತ್ತು, ಹೊಡೆತ, ಆರೋಪ, ಜವಾಬ್ದಾರಿ ಇವೆಲ್ಲ ಒಂದೇ ಪದದೊಳಗೆ ಹೇಗೆ ಸೇರಿಕೊಂಡವು? ಉತ್ತರ ಒಂದು ಗಾಡಿಯಲ್ಲಿದೆ. ಲ್ಯಾಟಿನ್ ಭಾಷೆಯಲ್ಲಿ ‘ಕಾರ್ರುಸ್’ ಎಂದರೆ ಗಾಡಿ. ಗಾಡಿಗೆ ಹೊರೆ ಏರಿಸುವ ಕ್ರಿಯೆಗೆ ‘ಕಾರ್ರಿಕಾರೆ’ ಎಂದು ಹೆಸರಾಯಿತು. ಅದು ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದು ಚಾರ್ಜ್ ಆಯಿತು. ಕಾರು, ಕ್ಯಾರಿ, ಕಾರ್ಗೋ ಇವೆಲ್ಲ ಇದೇ ವಂಶದವು. ಮೂಗನ್ನು ಉದ್ದ ಮಾಡಿ ಬರೆಯುವ ಕ್ಯಾರಿಕೇಚರ್ ಕೂಡ, ಏಕೆಂದರೆ ಅಲ್ಲಿ ಮುಖದ ಮೇಲೆ ಹೆಚ್ಚು ಭಾರ ಹೇರಲಾಗಿರುತ್ತದೆ.

‘ಹೊರೆ’ ಎಂಬ ಈ ಮೂಲಾರ್ಥ ಹಿಡಿದರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಸೋಜಿಗವೆಂದರೆ, ಕನ್ನಡವೂ ಇದೇ ದಾರಿಯಲ್ಲಿ ನಡೆದಿದೆ. ನಾವು ತಪ್ಪನ್ನು ‘ಹೊರಿಸು’ತ್ತೇವೆ, ಹೊಣೆಯನ್ನೂ ಹೊರಿಸುತ್ತೇವೆ. ಖಾಯಂ ಅಲ್ಲದ ಇನ್‌ಚಾರ್ಜ್ ಮುಖ್ಯೋಪಾಧ್ಯಾಯರಿಗೆ ಸರ್ಕಾರಿ ಕನ್ನಡದಲ್ಲಿ ‘ಪ್ರಭಾರ’ ಎನ್ನುತ್ತಾರೆ, ಒಳಗಿರುವುದು ಭಾರವೇ. ಅಧಿಕಾರವನ್ನು ‘ವಹಿಸಿಕೊಳ್ಳುವುದು’ ಎಂದರೂ ಹೊತ್ತುಕೊಳ್ಳುವುದೇ. ವಾಹನ ಎಂಬ ಮಾತು ಹುಟ್ಟಿದ್ದೂ ಆ ಧಾತುವಿನಿಂದಲೇ. ನಿಘಂಟಿನಲ್ಲಿ ಸಮಾನಾರ್ಥಕಗಳ ಪಟ್ಟಿ ಉರು ಹೊಡೆಯುವ ಮಕ್ಕಳಿಗೆ ಇಷ್ಟನ್ನು ಹೇಳಿಕೊಟ್ಟರೆ ಅರ್ಧ ಪಟ್ಟಿ ಕಂಠಪಾಠದ ಗೋಜಿಲ್ಲದೆ ನೆನಪಿನಲ್ಲಿ ಉಳಿದೀತು.

ಹೊರೆಯಿಂದ ವಿದ್ಯುತ್ತಿಗೆ ಹೋಗುವ ದಾರಿ ಮಾತ್ರ ತೋಪಿನ ಬಾಯಿಯ ಮೂಲಕ ಸಾಗುತ್ತದೆ. ಅದಕ್ಕೆ ಶಿವಾಜಿನಗರಕ್ಕಿಂತ ಒಳ್ಳೆಯ ಜಾಗ ಬೇಕೆ? 1809ರಲ್ಲಿ ಇಲ್ಲಿ ದಂಡು ನೆಲೆಯೂರಿತು. ಇನ್‌ಫೆಂಟ್ರಿ ರಸ್ತೆಗೆ ಕಾಲಾಳುಗಳ ಹೆಸರು. ಇಂದಿನ ಕಾಮರಾಜ ರಸ್ತೆ ಹಿಂದೆ ಕ್ಯಾವಲ್ರಿ ರಸ್ತೆ, ಅಂದರೆ ಕುದುರೆ ಸೈನ್ಯದ ರಸ್ತೆ. ಸಿಪಾಯಿಯ ಬಾಯಲ್ಲಿ ಚಾರ್ಜ್ ಎಂದರೆ ಬಂದೂಕಿಗೆ ತುಂಬುವ ಮದ್ದಿನ ಪ್ರಮಾಣ. ಹಲಸೂರಿನ ಪಕ್ಕದ ಮದ್ರಾಸ್ ಸ್ಯಾಪರ್ಸ್ ದಳದಲ್ಲಿದ್ದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ 1912ರಲ್ಲಿ ಕೊಳವೆಯೊಳಗೆ ಇಂಥ ಮದ್ದು ತುಂಬಿ ಮುಳ್ಳುತಂತಿಯ ಬೇಲಿ ಒಡೆಯುವ ಸಾಧನ ರೂಪಿಸಿದ. ಅದು ‘ಬ್ಯಾಂಗಲೋರ್ ಟಾರ್ಪೆಡೊ’ ಎಂಬ ಹೆಸರಿನಲ್ಲಿ ಜಗತ್ತನ್ನೆಲ್ಲ ಸುತ್ತಿ, 1944ರಲ್ಲಿ ನಾರ್ಮಂಡಿಯ ತೀರದಲ್ಲೂ ಸಿಡಿಯಿತು. ಶತ್ರುವಿನ ಮೇಲೆ ಒಮ್ಮೆಲೇ ನುಗ್ಗುವುದೂ ಚಾರ್ಜ್. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧ್‌ಪುರ ಲ್ಯಾನ್ಸರ್ಸ್ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು ಈಟಿ ಹಿಡಿದು ನುಗ್ಗಿದ್ದು ಅಂಥದ್ದು. ಅವರ ಸ್ಮಾರಕ ಜೆ.ಸಿ. ನಗರದಲ್ಲಿದೆ. ಸೇನಾಧಿಕಾರಿ ಏರುವ ಕುದುರೆಗೆ ಆ ಕಾಲದಲ್ಲಿ ಹೆಸರೇ ‘ಚಾರ್ಜರ್’. ಈಗ ಅದೇ ಹೆಸರಿನ ವಸ್ತು ಫುಟ್‌ಪಾತಿನ ಮೇಲೆ ವೈರಿನ ಸಮೇತ ಸಿಗುತ್ತದೆ.

1740ರ ದಶಕದಲ್ಲಿ ಗಾಜಿನ ಜಾಡಿಯಲ್ಲಿ ವಿದ್ಯುತ್ತನ್ನು ತುಂಬಿಡುವ ಉಪಾಯ ಕಂಡುಬಂತು. ಮುಟ್ಟಿದರೆ ‘ಫಟ್’ ಎಂದು ಬಡಿಯುವ ಆ ಜಾಡಿ ಮದ್ದು ತುಂಬಿದ ಬಂದೂಕಿನಂತೆಯೇ ಕಂಡಿರಬೇಕು. ಬೆಂಜಮಿನ್ ಫ್ರಾಂಕ್ಲಿನ್ ತನ್ನ ಪತ್ರಗಳಲ್ಲಿ ಚಾರ್ಜ್ ಎಂಬ ಮಾತು ಬಳಸಿದ. ಹಲವನ್ನು ಸಾಲಾಗಿ ಜೋಡಿಸಿದಾಗ ಅದಕ್ಕೆ ‘ಬ್ಯಾಟರಿ’ ಎಂದ. ಬ್ಯಾಟರಿ ಎಂದರೆ ತೋಪುಗಳ ಸಾಲು. ನಮ್ಮ ಪಠ್ಯಪುಸ್ತಕದ ‘ವಿದ್ಯುದಾವೇಶ’ ಮಾತ್ರ ಬೇರೆ ದಾರಿ ಹಿಡಿದ ಪದ. ಅಲ್ಲಿ ಹೊರೆಯಿಲ್ಲ, ಮೈಮೇಲೆ ದೇವರು ಬಂದಂತೆ ವಸ್ತುವಿನೊಳಗೆ ವಿದ್ಯುತ್ತು ಹೊಕ್ಕಿದೆ. ಚೆಲುವಾದ ಪದವೇ, ಅನುಮಾನವಿಲ್ಲ.

ಆದರೆ ಇಲ್ಲೊಂದು ಹಳ್ಳವಿದೆ, ಬಹಳ ಮಕ್ಕಳು ಅದರಲ್ಲಿ ಬೀಳುತ್ತಾರೆ. ಫೋನಿಗೆ ಚಾರ್ಜ್ ಹಾಕಿದರೆ ಅದರೊಳಗೆ ವಿದ್ಯುದಾವೇಶ ಹೆಚ್ಚುತ್ತದೆ ಎಂದು ಬರೆಯುತ್ತಾರೆ. ಇಲ್ಲ. 5000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಪೂರ್ತಿ ಖಾಲಿಯಾಗುವಷ್ಟರಲ್ಲಿ 18,000 ಕೂಲಂಬ್ ಆವೇಶ ಹೊರಗಿನ ಮಂಡಲದಲ್ಲಿ ಹರಿಯುತ್ತದೆ, ನಿಜ. ಆದರೆ ಒಂದು ತುದಿಯಿಂದ ಹೊರಟಷ್ಟೇ ಎಲೆಕ್ಟ್ರಾನುಗಳು ಇನ್ನೊಂದು ತುದಿಗೆ ಬಂದು ಸೇರುತ್ತವೆ. ತುಂಬಿದಾಗಲೂ ಖಾಲಿಯಾದಾಗಲೂ ಬ್ಯಾಟರಿಯ ಒಟ್ಟು ಆವೇಶ ಸೊನ್ನೆ. ತುಂಬುವುದು ರಾಸಾಯನಿಕ ರೂಪದ ಶಕ್ತಿ. ಒಂದೊಂದು ಕೂಲಂಬಿನ ಎರಡು ಆವೇಶಗಳನ್ನು ಒಂದು ಮೀಟರ್ ದೂರದಲ್ಲಿಟ್ಟರೆ ಅವುಗಳ ನಡುವಿನ ಬಲ 900 ಕೋಟಿ ನ್ಯೂಟನ್, ಅಂದರೆ ಸುಮಾರು 9 ಲಕ್ಷ ಟನ್ ತೂಕಕ್ಕೆ ಸಮ. 18,000 ಕೂಲಂಬ್ ನಿಜವಾಗಿ ಒಂದೆಡೆ ಕೂತಿದ್ದರೆ ಫೋನನ್ನು ಜೇಬಿನಲ್ಲಿಡುವ ಮಾತು ಹಾಗಿರಲಿ!

ಹಣದ ವಿಷಯದಲ್ಲಿ ಪಟ್ಟಿ ನಂಬಿದವರಿಗೆ ಅಂಕ ಹೋಗುತ್ತದೆ. ಚಾರ್ಜ್, ಫೀ, ಫೇರ್, ಪ್ರೈಸ್, ಟೋಲ್ ಎಲ್ಲವೂ ನಿಘಂಟಿನಲ್ಲಿ ಅಕ್ಕಪಕ್ಕದಲ್ಲೇ ಇರುತ್ತವೆ. ರಸಲ್ ಮಾರ್ಕೆಟ್ಟಿನ ಮಾವಿಗೆ ಇರುವುದು ಪ್ರೈಸ್, ಶಾಲೆಗೂ ವಕೀಲರಿಗೂ ಕೊಡುವುದು ಫೀ, ಹೆದ್ದಾರಿಯಲ್ಲಿ ಟೋಲ್, ಮಾಡಿಕೊಟ್ಟ ಕೆಲಸಕ್ಕೆ ಚಾರ್ಜ್. ‘ಬಸ್ ಚಾರ್ಜ್’ ಎಂಬುದು ಅಚ್ಚ ಕನ್ನಡವೆನ್ನುವಷ್ಟು ಬಳಕೆಯಾಗಿದ್ದರೂ ಇಂಗ್ಲಿಷ್ ಪ್ರಬಂಧದಲ್ಲಿ ಬಸ್ ಫೇರ್ ಎಂದೇ ಬರೆಯಬೇಕು. ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುವ ಬಾಕಿಯೂ ಚಾರ್ಜೇ. ದಂಡಿನ ಕುದುರೆ ಪಡೆಯಲ್ಲಿದ್ದ ವಿನ್‌ಸ್ಟನ್ ಚರ್ಚಿಲ್ 1898ರಲ್ಲಿ ಸೂಡಾನಿನ ಒಮ್‌ಡುರ್ಮನ್‌ನಲ್ಲಿ ಕುದುರೆಯೇರಿ ಚಾರ್ಜ್ ಮಾಡಿದ ಶೂರ. ಆದರೆ ಇಂದಿನ ಬೆಂಗಳೂರು ಕ್ಲಬ್ಬಿನ 1899ರ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ 13 ರೂಪಾಯಿ ಬಾಕಿ ನಿಂತಿದೆ.

ಚಾರ್ಜ್‌ಶೀಟ್ ವಿಷಯದಲ್ಲಿ ತಪ್ಪುವವರು ಮಕ್ಕಳಲ್ಲ, ಹಿರಿಯರು. ತನಿಖೆ ಮುಗಿಸಿ ಪೊಲೀಸರು ನ್ಯಾಯಾಲಯಕ್ಕೆ ಕೊಡುವ ವರದಿ ಅದು. ಅದನ್ನು ನೋಡಿ ಆರೋಪ ನಿಗದಿ ಮಾಡುವುದೋ ಬಿಡುವುದೋ ನ್ಯಾಯಾಧೀಶರ ಕೆಲಸ, ವಿಚಾರಣೆ ಆಮೇಲೆ. ಪತ್ರಿಕೆಯಲ್ಲಿ ಹೆಸರು ಬಂದ ದಿನವೇ ನೆರೆಯವನನ್ನು ಅಪರಾಧಿ ಎನ್ನುವವರು, ಹೊರಿಸಿದ್ದನ್ನು ಸಾಬೀತಾದದ್ದೆಂದು ಓದಿಕೊಂಡಿರುತ್ತಾರೆ.

ಕೊನೆಯದೊಂದು ಸೂಕ್ಷ್ಮ, ಪ್ರವಾಸದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ತಂದೆತಾಯಿ ಗಮನಿಸಬೇಕಾದದ್ದು. ‘ಇನ್ ಚಾರ್ಜ್ ಆಫ್’ ಎಂದರೆ ನೋಡಿಕೊಳ್ಳುವವರು. ನಡುವೆ ‘ದ’ ಎಂಬ ಒಂದಕ್ಷರ ಸೇರಿ ‘ಇನ್ ದ ಚಾರ್ಜ್ ಆಫ್’ ಆದರೆ ನೋಡಿಕೊಳ್ಳಲ್ಪಡುವವರು. ನರ್ಸ್ ಈಸ್ ಇನ್ ಚಾರ್ಜ್ ಆಫ್ ದ ಪೇಷಂಟ್. ಪೇಷಂಟ್ ಈಸ್ ಇನ್ ದ ಚಾರ್ಜ್ ಆಫ್ ದ ನರ್ಸ್. ಆ ‘ದ’ ತಪ್ಪಿದರೆ ಬೌರಿಂಗ್ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದ ರೋಗಿಯೇ ಎದ್ದು ನರ್ಸಿನ ನಾಡಿ ನೋಡಬೇಕಾದೀತು.