ವ್ಯಸನ: ಅವ್ವ ತಿಳಿದ ಅರ್ಥ

ಪ್ರತಿವರ್ಷ ಜೂನ್ 26ರಂದು ಕಾಲೇಜಿನಲ್ಲಿ ವ್ಯಸನಮುಕ್ತಿಯ ಪ್ರತಿಜ್ಞೆ ಸ್ವೀಕರಿಸುತ್ತೇವೆ. ಅಂದಿನ ಫಲಕಗಳೆಲ್ಲ ನಿಮ್ಮಂಥ ತರುಣರನ್ನೇ ಉದ್ದೇಶಿಸಿರುತ್ತವೆ. ಸಾಹಿತ್ಯದ ದೃಷ್ಟಿಯೂ ಬಹುಮಟ್ಟಿಗೆ ಅದೇ. ನಾನು ಮರಾಠಿಯಲ್ಲಿ ಓದಿದ ಗಡಕರಿಯವರ ‘ಏಕಚ್ ಪ್ಯಾಲಾ’ ನಾಟಕದ ಸುಧಾಕರನೂ ಏರುಪ್ರಾಯದ ವಕೀಲನೇ. ಮುಪ್ಪಿಗೂ ವ್ಯಸನಕ್ಕೂ ನಂಟಿಲ್ಲವೆಂಬ ಈ ಗ್ರಹಿಕೆ ತಪ್ಪು. ಅದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

ತಂದೆ ತೀರಿಕೊಂಡ ಮೇಲೆ ಅವ್ವನಿಗೆ ನಿದ್ರೆ ಬಾರದಾಯಿತು. ವೈದ್ಯರು ಎರಡು ವಾರಕ್ಕೆಂದು ಅಲ್ಪ್ರಾಜೋಲಾಮ್ ಗುಳಿಗೆ ಬರೆದುಕೊಟ್ಟರು. ಆ ಎರಡು ವಾರ ಆರು ವರ್ಷಗಳಾದವು. ಈ ಔಷಧವನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರಿದ್ದನ್ನು ಪ್ರತ್ಯೇಕ ದಾಖಲೆಪುಸ್ತಕದಲ್ಲಿ ಬರೆದಿಡಬೇಕೆಂಬ ನಿಯಮವೂ ಇದೆ. ಅಂಗಡಿಯಾತ ನನ್ನ ಮುಖ ನೋಡಿಯೇ ಕೊಡುತ್ತಿದ್ದ. ಅವನನ್ನೇಕೆ ದೂರಲಿ? ತಿಂಗಳು ತಿಂಗಳು ಮಾಸಿದ ಹಳೆಯ ಚೀಟಿ ಹಿಡಿದು ಹೋಗುತ್ತಿದ್ದವನು ನಾನೇ. ಅರ್ಧ ಗುಳಿಗೆ ಒಂದಾಯಿತು, ಒಂದು ಎರಡಾಯಿತು. ಅವ್ವ ಹಗಲಿನಲ್ಲಿ ತೂಕಡಿಸಿದಾಗ, ಆಡುತ್ತಿದ್ದ ಮಾತು ಮರೆತಾಗ, ಬಚ್ಚಲಲ್ಲಿ ಜಾರಿ ಬಿದ್ದಾಗ ‘ವಯಸ್ಸಾಯಿತು’ ಎಂದುಕೊಂಡೆವು.

ಮದ್ಯದ ವಿಷಯದಲ್ಲೂ ಇದೇ ಉಪೇಕ್ಷೆ. ವಯಸ್ಸಾದಂತೆ ಶರೀರದ ನೀರಿನಂಶ ತಗ್ಗುತ್ತದೆ. ಆದ್ದರಿಂದ ನಲವತ್ತರಲ್ಲಿ ಕುಡಿದಷ್ಟನ್ನೇ ಎಪ್ಪತ್ತರಲ್ಲಿ ಕುಡಿದರೂ ರಕ್ತದಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ನಿದ್ರೆಯ ಗುಳಿಗೆಯೂ ಜೊತೆಗೂಡಿದರೆ ಉಸಿರಾಟವೇ ಕುಗ್ಗಬಹುದು. ‘ಇನ್ನೆಷ್ಟು ದಿನ, ಕುಡಿಯಲಿ ಬಿಡಿ’ ಎಂದು ಅಜ್ಜನ ಬಗ್ಗೆ ಆಡುವ ಮಾತನ್ನು ನಾನು ಔದಾರ್ಯವೆಂದು ಒಪ್ಪಲಾರೆ.

ಹಾಗೆಂದು ಒಮ್ಮೆಗೇ ಕಸಿದುಕೊಳ್ಳುವುದೂ ಸಲ್ಲದು. ತಪ್ಪಿನ ಅರಿವಾದ ದಿನ ನಾನು ಗುಳಿಗೆಗಳನ್ನೆಲ್ಲ ತಿಪ್ಪೆಗೆ ಎಸೆದೆ. ಎರಡನೆಯ ರಾತ್ರಿ ಅವ್ವನ ಕೈಕಾಲು ನಡುಗತೊಡಗಿದವು. ಬಾಗಿಲಲ್ಲಿ ಅಪ್ಪ ನಿಂತಿದ್ದಾರೆಂದು ಎದ್ದು ಹೊರಟಳು. ಇಂಥ ಗುಳಿಗೆಯನ್ನಾಗಲಿ, ಬಹುಕಾಲದ ಕುಡಿತವನ್ನಾಗಲಿ ಥಟ್ಟನೆ ನಿಲ್ಲಿಸಿದರೆ ಸೆಳವು ಬಂದು ಪ್ರಾಣಕ್ಕೇ ಕುತ್ತಾಗಬಹುದೆಂದು ಆಸ್ಪತ್ರೆಯಲ್ಲಿ ತಿಳಿಯಿತು. ವೈದ್ಯರ ಕಣ್ಗಾವಲಿನಲ್ಲಿ ಹಂತಹಂತವಾಗಿಯೇ ಇಳಿಸಬೇಕು.

ಅಲ್ಲಿನ ವೈದ್ಯರು ಮರಾಠಿಯವರು. ‘ಆಜೀ, ಹೇ ವ್ಯಸನ ಆಹೇ’ ಎಂದರು. ಮರಾಠಿಯಲ್ಲಿ ವ್ಯಸನವೆಂದರೆ ಚಟ. ಅವ್ವ ಆ ಪದವನ್ನು ತನ್ನ ಕನ್ನಡದಲ್ಲೇ ಕೇಳಿಸಿಕೊಂಡಳು. ‘ಹೌದ್ರೀ, ಅವರು ಹೋದಾಗಿಂದ ಅದೇ ವ್ಯಸನ ಐತಿ’ ಎಂದಳು. ನಾನು ಅನುವಾದಿಸಲು ಹೋಗಲಿಲ್ಲ. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಎಂಟನೆಯ ಅಧಿಕರಣವನ್ನು ನೋಡಿರಿ: ರಾಜ್ಯಕ್ಕೊದಗುವ ಆಪತ್ತೂ ವ್ಯಸನವೇ, ರಾಜನ ಕುಡಿತ-ಜೂಜುಗಳೂ ವ್ಯಸನವೇ. ಮರಾಠಿ ಚಟವನ್ನು ಮುಂದುಮಾಡಿತು. ಕನ್ನಡ ದುಃಖವನ್ನೂ ಉಳಿಸಿಕೊಂಡಿತು. ವೃದ್ಧರ ವಿಷಯದಲ್ಲಿ ಇವೆರಡನ್ನು ಬಿಡಿಸಿ ನೋಡುವ ಚಿಕಿತ್ಸೆ ಅರ್ಧ ಚಿಕಿತ್ಸೆಯೆಂದೇ ನನ್ನ ಅಭಿಪ್ರಾಯ. ಗುಳಿಗೆ ತಂದುಕೊಡುತ್ತಿದ್ದ ಆರು ವರ್ಷಗಳಲ್ಲಿ ನಿದ್ರೆ ಏಕೆ ಬರುತ್ತಿಲ್ಲವೆಂದು ನಾನೊಮ್ಮೆಯೂ ಕೇಳಿರಲಿಲ್ಲ.

ಈಗ ಗುಳಿಗೆ ಕಾಲುಭಾಗಕ್ಕೆ ಇಳಿದಿದೆ. ನಸುಕಿನ ಮೂರಕ್ಕೆ ಅವ್ವ ಎದ್ದು ಕುಳಿತರೆ ನಾನೂ ಎದ್ದು ಚಹಾ ಮಾಡುತ್ತೇನೆ. ಅವಳು ಅಪ್ಪನ ಮಾತು ತೆಗೆಯುತ್ತಾಳೆ.